ಹಳದಿ ಬೋರ್ಡಿನ ಕರಿ ಅಕ್ಷರ

ನಮ್ಮ ಶಹಾಪುರಕ್ಕೆ ರೈಲು ಇಲ್ಲ. ರೈಲು ಹತ್ತಬೇಕೆಂದರೆ ಬಸ್ಸಿನಲ್ಲಿ ಭೀಮಾ ನದಿ ದಾಟಿ ಯಾದಗಿರಿಗೆ ಹೋಗಬೇಕು. ಮನೆಯಲ್ಲಿಲ್ಲದ ತಿಂಡಿಯ ಮೇಲೆ ಮಕ್ಕಳಿಗೆ ಆಸೆ ಹೆಚ್ಚಲ್ಲವೇ? ಹಾಗೆಯೇ ನನಗೆ ಚಿಕ್ಕಂದಿನಿಂದ ರೈಲಿನ ಹುಚ್ಚು. ಎಂಜಿನ್ನಿನ ಹುಚ್ಚಲ್ಲ, ಸ್ಟೇಷನ್ನಿನ ಬೋರ್ಡು, ಅದರ ಮೇಲಿನ ಅಕ್ಷರ, ಹಳೇ ರಟ್ಟಿನ ಟಿಕೇಟು, ಇವುಗಳ ಹುಚ್ಚು. ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಅಂಥ ಟಿಕೇಟುಗಳನ್ನು ಕೂಡಿಸಿಟ್ಟಿದ್ದೇನೆ. “ಮಂದಿ ಬಂಗಾರ ಕೂಡಸ್ತಾರ, ನೀ ರಟ್ಟು ಕೂಡಸ್ತಿ” ಎಂದು ನಮ್ಮವರು ನಗುತ್ತಾರೆ. ನಗಲಿ ಬಿಡಿ!

ಆ ಟಿಕೇಟಿಗೂ ಒಂದು ಕಥೆಯಿದೆ. ಮೊದಲು ಟಿಕೇಟನ್ನು ಕೈಯಿಂದ ಬರೆದು ಕೊಡುತ್ತಿದ್ದರಂತೆ. 1830ರ ದಶಕದಲ್ಲಿ ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ ಎಂಬ ಸ್ಟೇಷನ್ ಮಾಸ್ತರರು ಮೊದಲೇ ಅಚ್ಚು ಹಾಕಿ, ಸಾಲಾಗಿ ನಂಬರು ಕೊಟ್ಟ ರಟ್ಟಿನ ಟಿಕೇಟು ಕಂಡುಹಿಡಿದರು. ಎರಡೂಕಾಲು ಇಂಚು ಉದ್ದದ ಆ ಚೂರು ಲೋಕವೆಲ್ಲ ಸುತ್ತಿ ನಮ್ಮ ಯಾದಗಿರಿಯ ಕಿಟಕಿಗೂ ಬಂತು. ತಾರೀಖಿನ ಯಂತ್ರಕ್ಕೆ ಟಿಕೇಟು ತೂರಿಸಿದಾಗ ಬರುತ್ತಿದ್ದ ‘ಟಕ್’ ಸದ್ದು ನಿಮ್ಮಲ್ಲಿ ಎಷ್ಟೋ ಜನಕ್ಕೆ ನೆನಪಿರಬಹುದು. ಈಗ ಕಂಪ್ಯೂಟರಿನ ಕಾಗದ ಬಂದಿದೆ. ಮೊಬೈಲಿನಲ್ಲಾದರೆ ಅದೂ ಬೇಡ.

ನಮ್ಮ ಭಾಗದ ಹಳಿಯೂ ಹಳೆಯದೇ. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿಸಿದ ಜಿ.ಐ.ಪಿ. ಕಂಪನಿಯೇ ವಾಡಿ, ಯಾದಗಿರಿ ಮೇಲಿಂದ ಹಳಿ ಹಾಕಿತು. 1871ರಲ್ಲಿ ರಾಯಚೂರಿನಲ್ಲಿ ಅದು ಮದರಾಸಿನ ಹಳಿಯನ್ನು ಕೂಡಿಕೊಂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ನಾವು ಪಾತ್ರೆಯ ಮೇಲೆ ಹೆಸರು ಕೆತ್ತಿಸುತ್ತೇವಲ್ಲ, ಹಾಗೆ ಆ ಕಂಪನಿಗಳೂ ತಮ್ಮ ದೀಪ, ಬೀಗ, ಗಂಟೆಗಳ ಮೇಲೆ ಹೆಸರಿನ ಅಕ್ಷರ ಕೊರೆಸುತ್ತಿದ್ದವು. ಮೈಸೂರಿಗೆ ಹೋದಾಗ ಅರಮನೆಯ ಜೊತೆಗೆ, 1979ರಲ್ಲಿ ಶುರುವಾದ ರೈಲು ಮ್ಯೂಸಿಯಂ ಕೂಡ ನೋಡಿ ಬನ್ನಿ. ಮಹಾರಾಣಿಯವರ ಗಾಡಿ ಅಲ್ಲಿದೆ.

ಎಲ್ಲಕ್ಕಿಂತ ನನಗೆ ಅಚ್ಚುಮೆಚ್ಚು ಹಳದಿ ಬೋರ್ಡು. ಅರಿಸಿನ ಬಣ್ಣದ ಮೇಲೆ ಕಾಡಿಗೆಯಂಥ ಕಪ್ಪು ಅಕ್ಷರ. ಮಳೆಯಿರಲಿ, ಮಂಜಿರಲಿ, ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಮೇಲೆ ಕನ್ನಡ, ನಂತರ ಹಿಂದಿ, ಇಂಗ್ಲಿಷು. ಕೆಳಗೆ ಸಮುದ್ರ ಮಟ್ಟದಿಂದ ಊರು ಎಷ್ಟು ಎತ್ತರ ಎಂಬ ಲೆಕ್ಕ. ರಾಯಚೂರಿನ ಕಡೆ ಹೋಗುವಾಗ ನಡುವೆ ಕೃಷ್ಣಾ ಸ್ಟೇಷನ್ ತೆಲಂಗಾಣದ್ದು. ಅಲ್ಲಿ ತೆಲುಗು ಅಕ್ಷರ ನೋಡಿ. ನಮ್ಮ ಅಕ್ಷರದ ತಂಗಿಯ ಹಾಗೆ ಕಾಣುತ್ತದೆ, ತಲೆಕಟ್ಟು ಮಾತ್ರ ಬೇರೆ.

ಈ ಹುಚ್ಚಿಗೆ ಬೆಲೆ ಇದೆ ಎಂದು ನನಗೆ ತಿಳಿಸಿಕೊಟ್ಟವರು ನಮ್ಮ ಅತ್ತೆಯವರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮದುವೆಯಾದ ಹೊಸದರಲ್ಲಿ ಮಾವನವರ ಜೊತೆ ಮುಂಬಯಿಗೆ ದುಡಿಯಲು ಹೋಗಿದ್ದರು. ಒಮ್ಮೆ ಕೂಸಿಗೆ ಜ್ವರ ಬಂತು. ಮಾವನವರಿಗೆ ರಜೆ ಸಿಗಲಿಲ್ಲ. ಮೂರು ವರ್ಷದ ನಮ್ಮವರನ್ನು ಸೆರಗಿನಲ್ಲಿ ಸುತ್ತಿಕೊಂಡು ಒಬ್ಬರೇ ರೈಲು ಹತ್ತಿದರು. ರಾತ್ರಿಯೆಲ್ಲ ನಿದ್ದೆಯಿಲ್ಲ. ಊರು ತಪ್ಪಿಹೋದೀತೆಂದು ಪ್ರತಿ ಸ್ಟೇಷನ್ನಿನಲ್ಲೂ ಕಿಟಕಿಗೆ ಮುಖ ಹಚ್ಚಿ ನೋಡಿದ್ದೇ ನೋಡಿದ್ದು.

“ಓದಾಕ ಬರ್ತಿದ್ದಿಲ್ಲಲ್ರೀ ಅತ್ತಿ, ಹ್ಯಾಂಗ ಗೊತ್ತಾತು?” ಎಂದು ಒಮ್ಮೆ ಕೇಳಿದೆ.

“ನಾಕ ಅಕ್ಷರ ಅದಾವ. ಕಡೀ ಎರಡು ತುರುಬು ಕಟ್ಕೊಂಡು ಕುಂತಾವ ನೋಡವಾ. ತುರುಬು ಕಂಡಕೂಡ್ಲೇ ಇಳದೆ” ಎಂದರು.

ಯಾದಗಿರಿ! ಗಿ, ರಿ ಎರಡಕ್ಕೂ ಮೇಲೆ ಗುಡಿಸು. ಎಸ್.ಎಸ್.ಎಲ್.ಸಿ. ಓದಿದ ನನಗೆ ಆ ತುರುಬು ಅಷ್ಟು ದಿನ ಕಂಡಿರಲೇ ಇಲ್ಲ. ಯಾರೋ ಒಬ್ಬ ಪೇಂಟರು ಗೆರೆ ಹಾಕಿ, ಕೈ ನಡುಗದಂತೆ ಬರೆದ ದುಂಡನೆಯ ಅಕ್ಷರ ಒಬ್ಬ ತಾಯಿಯನ್ನು ಕೂಸಿನ ಜೊತೆ ಮನೆ ಮುಟ್ಟಿಸಿತು.

ಹೋದ ವರ್ಷ ಒಂದು ದೊಡ್ಡ ಸ್ಟೇಷನ್ನಿನಲ್ಲಿ ಅತ್ತೆಯವರನ್ನು ಕೂರಿಸಿ ನಾನು ನೀರು ತರಲು ಹೋಗಿದ್ದೆ. ಬರುವಷ್ಟರಲ್ಲಿ ಅವರು ಜಾಗದಲ್ಲಿಲ್ಲ! ಎದೆ ಧಸಕ್ಕೆಂದಿತು. ಓಡಿ ನೋಡಿದರೆ ಬೇರೆ ಊರಿನ ಗಾಡಿಯ ಬಾಗಿಲಲ್ಲಿ ಹಿಡಿಕೆ ಹಿಡಿದು ನಿಂತಿದ್ದಾರೆ. ಮೇಲೆ ಕೆಂಪು ದೀಪದ ಅಕ್ಷರಗಳು ಸರಸರನೆ ಓಡುತ್ತಿದ್ದವು. ಕನ್ನಡ ಬಂತು ಅನ್ನುವಷ್ಟರಲ್ಲಿ ಹಿಂದಿ, ಅದರ ಹಿಂದೆ ಇಂಗ್ಲಿಷು. ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಗುಡಿಸು ಯಾವುದು, ಕೊಂಬು ಯಾವುದು ತಿಳಿಯುವಂತಿಲ್ಲ. “ತುರುಬ ಕಾಣಲಿಲ್ಲವಾ” ಎಂದು ಕಣ್ಣೀರು ತಂದುಕೊಂಡರು. ಒಂಟಿಯಾಗಿ ಮುಂಬಯಿಯಿಂದ ಬಂದ ಹೆಂಗಸು!

ಹೊಸದು ಬೇಡ ಎನ್ನುವುದಿಲ್ಲ. ಗಾಡಿ ತಡವಾದರೆ ತಿಳಿಸುವುದು ಆ ದೀಪದ ಬೋರ್ಡೇ. ಆದರೆ ಅಕ್ಷರ ದೊಡ್ಡದಾಗಿ, ಸ್ಪಷ್ಟವಾಗಿ ಒಂದು ಗಳಿಗೆ ನಿಂತರೆ ಯಾರ ಗಂಟು ಹೋಗುತ್ತದೆ? 2002ರ ಏಪ್ರಿಲ್ 16ರಂದು ಬೆಂಗಳೂರಿನಲ್ಲಿ ರೈಲ್ವೆಯವರು ಹಸಿರು ದೀಪ ಹಿಡಿದ ‘ಭೋಲು’ ಆನೆಯನ್ನು ತಮ್ಮ ಗುರುತಾಗಿ ತಂದರು. ಅದು ಓದು ಬಾರದವರಿಗೂ ತಿಳಿಯುವ ಗುರುತು. ಊರಿನ ಹೆಸರೂ ಹಾಗೆಯೇ ಕಣ್ಣಿಗೆ ಹಿಡಿಯಬೇಕು.

ಊರಿಗೆ ಬಂದ ಮೇಲೆ ನಾನೊಂದು ಉಪಾಯ ಮಾಡಿದೆ. ಹಳದಿ ರಟ್ಟಿನ ಮೇಲೆ ಕಪ್ಪು ಬಣ್ಣದಲ್ಲಿ ‘ಯಾದಗಿರಿ’ ಬರೆದು ಅಡಿಗೆಮನೆಯ ಗೋಡೆಗೆ ತೂಗುಹಾಕಿದೆ. ರೊಟ್ಟಿ ಬಡಿದು ಮುಗಿದ ಮೇಲೆ ದಿನಕ್ಕೆ ಅರ್ಧ ತಾಸು ಪಾಠ. ಮೊದಲು ಗಿರಿ. ‘ಯಾ’ದ ಇಳಿ ತೆಗೆದು ‘ದ’ಕ್ಕೆ ಹಚ್ಚಿ ಮುಂದೆ ‘ರಿ’ ಇಟ್ಟರೆ ದಾರಿ. ‘ರ’ಕ್ಕೆ ಹಚ್ಚಿದರೆ ರಾಗಿ. “ಜ್ವಾಳದ ಸೀಮ್ಯಾಗ ರಾಗಿ ಯಾಕವಾ, ಜ್ವಾಳ ಕಲಸು” ಎಂದರು! ಈಗ ಜೋಳವೂ ಬಂದಿದೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನನಗಿಂತ ಮೊದಲು ಬೋರ್ಡು ಓದಿ, “ಇದ ನಮ್ಮ ಬಸ್, ಹತ್ತು” ಎಂದರು. ನಿಮ್ಮ ಮನೆಯಲ್ಲೂ ಓದು ಬಾರದ ಹಿರಿಯರಿದ್ದರೆ ಅ, ಆ ಇಂದಲೇ ಶುರು ಮಾಡಬೇಕೆಂದಿಲ್ಲ. ಅವರ ಊರಿನ ಹೆಸರಿನಿಂದ ಶುರು ಮಾಡಿ ನೋಡಿ.

ಕೊನೆಗೊಂದು ಕಿವಿಮಾತು: ಹಳೇ ರಟ್ಟಿನ ಟಿಕೇಟು ಸಿಕ್ಕರೆ ಎಸೆಯಬೇಡಿ, ಗೋಂದೂ ಹಚ್ಚಬೇಡಿ. ದಪ್ಪ ಕಾಗದದಲ್ಲಿ ನಾಲ್ಕು ಸೀಳು ಮಾಡಿ ಮೂಲೆಗಳನ್ನು ಸಿಕ್ಕಿಸಿ, ಬಿಸಿಲು, ತೇವ ತಾಗದ ಡಬ್ಬಿಯಲ್ಲಿಡಿ. ಜೊತೆಗೆ ಚೆನ್ನಾಗಿ ಒಣಗಿದ ನಾಲ್ಕು ಬೇವಿನೆಲೆ ಹಾಕಿ. ನಿಮ್ಮ ಊರಿನ ಬೋರ್ಡಿನಲ್ಲಿ ಎಷ್ಟು ತುರುಬಿದೆಯೋ ಎಣಿಸಿ ಬರೆಯುತ್ತೀರಲ್ಲ?