ಗುಡ್ಡದಾಚೆಯ ಗೋಪುರ

ಮಲೆನಾಡಿನ ಕಣಿವೆಗಳಲ್ಲಿ ಮನೆ ಕಟ್ಟಿದ ಹಿರಿಯರು ನೀರನ್ನು ನೋಡಿದರು, ತೋಟಕ್ಕೆ ಬೇಕಾದ ನೆರಳನ್ನು ನೋಡಿದರು, ಗಾಳಿಯ ಮರೆಯನ್ನೂ ನೋಡಿದರು. ಮರಿಮಕ್ಕಳಿಗೆ ಮೊಬೈಲ್ ಗೋಪುರದ ದರ್ಶನವೂ ಬೇಕಾದೀತೆಂದು ಅವರಿಗೆ ಹೊಳೆಯುವಂತಿರಲಿಲ್ಲ. ೨೦೨೧ರ ಮಳೆಗಾಲದಲ್ಲಿ, ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರಸ್ತೆಯ ಬದಿಗೆ ಕುಳಿತು ಫೋನಿನಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ಕಂಡವರು ಬಹುಮಂದಿ. ಆ ಕಾಲ ಕಳೆಯಿತು. ಪರೀಕ್ಷೆಯ ಅರ್ಜಿ ತುಂಬಲು ಗುಡ್ಡವೇರುವ ಮನೆಗಳು ಇಂದಿಗೂ ಇವೆ.

ಇಂಥ ಮನೆಯ ಯಜಮಾನರು ಮೊದಲು ಪೇಟೆಗೆ ಹೋಗಿ, ಅಂಗಡಿಯವನು ಹೊಗಳಿದ ಆಂಟೆನಾವನ್ನು ಕೊಂಡು ತರುತ್ತಾರೆ. ಪಾದದ ಅಳತೆ ಕೊಡದೆ ಚಪ್ಪಲಿ ಹೊಲಿಸಿದಂತಾಯಿತು. ಅಳತೆಯೆಂದರೆ ಫೋನಿನ ಮೇಲ್ತುದಿಯ ಗೆರೆಗಳಲ್ಲ. ಅವು ಬರಿಯ ಸಮಾಧಾನ ಹೇಳುವ ನೆಂಟರು. ಬಿಟ್ಟಿಯಾಗಿ ದೊರೆಯುವ ಆ್ಯಪ್ ಒಂದರಲ್ಲಿ ಆರ್‌ಎಸ್‌ಆರ್‌ಪಿ ಎಂಬ ಋಣಸಂಖ್ಯೆ ಕಾಣುತ್ತದೆ. ಅದು −೮೫ರ ಆಸುಪಾಸಿನಲ್ಲಿದ್ದರೆ ಸುಖ. −೧೦೫ ಎಂದರೆ ತೊಡಕು. −೧೨೦ ಎಂದರೆ ಇಲ್ಲವೆಂದೇ ಲೆಕ್ಕ. ಹತ್ತು ಅಂಕ ಇಳಿದರೆ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ. ಅಂಗಳ, ಮಾಡು, ತೋಟದ ಮೇಲಣ ದರೆ, ಎಲ್ಲೆಡೆಯಲ್ಲೂ, ಬೇರೆ ಬೇರೆ ಕಂಪನಿಗಳ ಸಿಮ್ ಹಾಕಿ ಇದನ್ನು ಬರೆದಿಟ್ಟುಕೊಳ್ಳಬೇಕು. ಖರ್ಚಿಲ್ಲದ ಈ ಕೆಲಸವನ್ನೇ ಜನ ಬಿಟ್ಟುಬಿಡುವುದು.

ಯಾವ ಅಲೆ ಬರುತ್ತಿದೆಯೆಂಬುದನ್ನೂ ಅರಿಯಬೇಕು. ೮೫೦, ೯೦೦ ಮೆಗಾಹರ್ಟ್ಸ್‌ನ ಅಲೆಗಳು ಗುಡ್ಡದ ನೆತ್ತಿಯನ್ನು ಬಳಸಿ ಒಂದಿಷ್ಟು ಬಾಗಿ ಬರುತ್ತವೆ. ೨೩೦೦ರದು ವೇಗದ ಅಲೆ, ಆದರೆ ಬಾಗಲು ಒಲ್ಲದು. ಕೊಳ್ಳುವ ರೂಟರು ಆ ಅಲೆಯನ್ನು ಬಲ್ಲುದಾಗಿರಬೇಕು. ಹೊರಗಿನ ಆಂಟೆನಾಕ್ಕೆ ಎರಡು ಕಿಂಡಿಗಳಿರುವುದೂ ಅಗತ್ಯ.

ದೂರದರ್ಶನದ ದಿನಗಳಲ್ಲಿ ಹೆಂಚಿನ ಮೇಲೆ ಮೀನಿನ ಮುಳ್ಳಿನಂತೆ ನಿಂತಿದ್ದ ಆಂಟೆನಾ ಓದುಗರ ನೆನಪಿನಲ್ಲಿದೆಯಷ್ಟೆ. ಜಪಾನಿನ ತೊಹೊಕು ವಿಶ್ವವಿದ್ಯಾನಿಲಯದಲ್ಲಿ ೧೯೨೬ರ ಸುಮಾರಿಗೆ ಉದಾ ಮತ್ತು ಯಾಗಿ ಎಂಬವರು ರೂಪಿಸಿದ ಸಾಧನವದು. ಒಂದೇ ಅಲೆಯನ್ನು ನಂಬಿದವರಿಗೆ ಅದು ಸಾಕು. ಹಲವು ಅಲೆಗಳು ಬೇಕಾದವರಿಗೆ ಅದರ ದಾಯಾದಿಯಾದ ಲಾಗ್-ಪೀರಿಯಾಡಿಕ್ ಲೇಸು. ಫೋರ್‌ಜಿ ಎರಡು ಧಾರೆಗಳಲ್ಲಿ ಹರಿಯುವುದರಿಂದ ಎರಡನ್ನು, ಒಂದಕ್ಕೊಂದು ಅಡ್ಡವಾಗಿ ಓರೆಮಾಡಿ ಕಟ್ಟಬೇಕು. ಗೋಪುರದ ದಿಕ್ಕಿಗೇ ತಿರುಗಿಸಬೇಕೆಂಬ ಹಟ ಬೇಡ. ಎದುರಿನ ಬಂಡೆಗೆ ಬಡಿದು ಬರುವ ಅಲೆಯೇ ಕೆಲವೊಮ್ಮೆ ಬಲವಾಗಿರುತ್ತದೆ.

ಆದರೆ ಹಣ ನಿಜವಾಗಿ ಮುಳುಗುವುದು ಕೇಬಲ್ಲಿನಲ್ಲಿ. ಹತ್ತು ಮೀಟರಿನ ತೆಳು ತಂತಿ ಹಿಡಿದ ಸಿಗ್ನಲ್ಲಿನ ಮುಕ್ಕಾಲು ಪಾಲನ್ನು ದಾರಿಯಲ್ಲೇ ನುಂಗಿಬಿಡುತ್ತದೆ. ಆದ್ದರಿಂದ ಆಂಟೆನಾವನ್ನು ಹೊಟ್ಟೆಯಲ್ಲೇ ಇರಿಸಿಕೊಂಡ, ಮಳೆಗೆ ಹೆದರದ ರೂಟರನ್ನು ಕಂಬದ ತುದಿಗೇ ಏರಿಸುವುದು ಜಾಣತನ. ಅಲ್ಲಿಂದ ಮನೆಗೆ ಎಳೆಯುವ ಲ್ಯಾನ್ ತಂತಿ ನೂರು ಮೀಟರಿನವರೆಗೆ ಏನನ್ನೂ ಕಳೆಯದೆ ತರುತ್ತದೆ. ರೂಟರಿಗೆ ಬೇಕಾದ ವಿದ್ಯುತ್ತೂ ಅದೇ ತಂತಿಯಲ್ಲಿ ಮೇಲೇರುತ್ತದೆ.

ಸಿಗ್ನಲ್ ಹೆಚ್ಚಿಸುವ ಬೂಸ್ಟರುಗಳನ್ನು ಮಾರುವವರುಂಟು. ಪರವಾನಗಿಯಿಲ್ಲದೆ ಅವನ್ನು ಬಳಸುವುದು ಅಪರಾಧ. ನೆರೆಹೊರೆಯವರ ಫೋನುಗಳನ್ನೂ ಅವು ಕೆಡಿಸುತ್ತವೆ. ಇನ್ನು ಕಂಬಕ್ಕೆ ಭೂಸ್ಪರ್ಶದ ತಂತಿ ಕಟ್ಟುವುದನ್ನು ಮರೆಯುವಂತಿಲ್ಲ. ಏಪ್ರಿಲಿನ ಮೊದಲ ಗುಡುಗು ಕೇಳಿದೊಡನೆ ಒಳಗಿನ ತಂತಿಯನ್ನು ಕಳಚಿಡುವುದು ಮಲೆನಾಡಿನವರಿಗೆ ಹೊಸ ಪಾಠವೇನಲ್ಲ.