ಹಸಿರಾದ ಮರುಭೂಮಿ: ಮೊದಲ ಸಂಪುಟಕ್ಕೇ ನಿಲ್ಲಬೇಕೆ?

ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ ಕಾದಂಬರಿಯನ್ನು ಓದಿ ಮುಗಿಸಿದವರ ಮುಂದೆ ಒಂದು ಪ್ರಶ್ನೆ ಉಳಿಯುತ್ತದೆ: ಮುಂದಿನ ಸಂಪುಟಗಳನ್ನು ಕೈಗೆತ್ತಿಕೊಳ್ಳಬೇಕೆ, ಇಲ್ಲಿಗೇ ಸಾಕೆ? 1965ರಲ್ಲಿ ಪ್ರಕಟವಾದ ಈ ವೈಜ್ಞಾನಿಕ ಕಾದಂಬರಿಗೆ ಹರ್ಬರ್ಟ್ ಸ್ವತಃ ಬರೆದ ಮುಂದುವರಿಕೆಗಳು ಐದು. 2021 ಮತ್ತು 2024ರಲ್ಲಿ ತೆರೆಕಂಡ ಎರಡು ಚಲನಚಿತ್ರಗಳು ಮೊದಲ ಸಂಪುಟದ ಕಥೆಯನ್ನಷ್ಟೇ ಹೇಳುತ್ತವೆ. ಅವುಗಳ ಮೂಲಕ ಪುಸ್ತಕಕ್ಕೆ ಬಂದವರು ಅಲ್ಲಿಗೇ ನಿಲ್ಲುವುದು ಸಹಜ. ಎರಡನೆಯದರಲ್ಲಿ ಮೊದಲಿನ ರಭಸವಿಲ್ಲವೆಂಬ ಅಭಿಪ್ರಾಯವೂ ಹಳೆಯದು, ಅದು ಸುಳ್ಳೂ ಅಲ್ಲ. ಆದರೆ ಪರಿಸರದ ಕಾಳಜಿಯಿಂದ ಈ ಕೃತಿಯನ್ನು ಹಿಡಿದವರು ಮೊದಲ ಸಂಪುಟಕ್ಕೇ ನಿಂತರೆ ತಪ್ಪು ಪಾಠವೊಂದನ್ನು ಕಲಿತು ಹಿಂದಿರುಗಿದಂತಾಗುತ್ತದೆ.

ಈ ಕಾದಂಬರಿಯ ಮೂಲ ಇರುವುದು ಅಮೆರಿಕದ ಆರೆಗಾನ್ ರಾಜ್ಯದ ಕಡಲತೀರದಲ್ಲಿ. ಪತ್ರಕರ್ತರಾಗಿದ್ದ ಹರ್ಬರ್ಟ್ 1950ರ ದಶಕದಲ್ಲಿ ಫ್ಲಾರೆನ್ಸ್ ಎಂಬ ಊರಿಗೆ ಹೋದರು. ಗಾಳಿಗೆ ಸರಿಯುತ್ತ ರಸ್ತೆ, ಕಟ್ಟಡಗಳನ್ನು ಮುಚ್ಚುತ್ತಿದ್ದ ಮರಳುದಿಬ್ಬಗಳನ್ನು ಅಲ್ಲಿನ ಕೃಷಿ ಇಲಾಖೆ ಹುಲ್ಲು ನೆಟ್ಟು ನಿಲ್ಲಿಸುತ್ತಿತ್ತು. ಅದರ ಬಗ್ಗೆ ಅವರು ಬರೆಯಹೊರಟ ಲೇಖನ ಪ್ರಕಟವಾಗಲಿಲ್ಲ. ಸಂಗ್ರಹಿಸಿದ ಸಾಮಗ್ರಿ ಬೆಳೆದು ಕಾದಂಬರಿಯಾಯಿತು. ಕೃತಿಯನ್ನು ಅವರು ಅರ್ಪಿಸಿರುವುದು ಒಣಭೂಮಿಯ ಪರಿಸರ ವಿಜ್ಞಾನಿಗಳಿಗೆ.

ಕಥೆ ನಡೆಯುವುದು ಅರಾಕಿಸ್ ಎಂಬ ಮರುಗ್ರಹದಲ್ಲಿ. ಅಲ್ಲಿ ದೈತ್ಯ ಮರಳುಹುಳುಗಳಿವೆ, ಅವುಗಳ ಜೀವನಚಕ್ರದಿಂದ ಹುಟ್ಟುವ ಅಮೂಲ್ಯ ‘ಮಸಾಲೆ’ ಇದೆ, ಬೆವರನ್ನೂ ಹನಿಯಾಗಿ ಉಳಿಸಿಕೊಳ್ಳುವ ಫ್ರೆಮೆನ್ ಜನರಿದ್ದಾರೆ. ಪಾರ್ಡಾಟ್ ಕೈನ್ಸ್ ಎಂಬ ವಿಜ್ಞಾನಿ ಅವರಿಗೆ ಒಂದು ಕನಸು ಕೊಡುತ್ತಾನೆ. ಗುಟ್ಟಾಗಿ ನೀರನ್ನು ಕೂಡಿಡಬೇಕು. ದಿಬ್ಬಗಳ ಗಾಳಿಮರೆಯ ಇಳಿಜಾರಿನಲ್ಲಿ ಮೊದಲು ಬಡಹುಲ್ಲನ್ನು ನೆಟ್ಟು ಮರಳನ್ನು ಹಿಡಿದು ನಿಲ್ಲಿಸಬೇಕು, ಅನಂತರ ಬೇರೂರುವ ಇತರ ಸಸ್ಯಗಳು. ಗ್ರಹದ ಹಸಿರಿನ ಶೇಕಡಾ 3ರಷ್ಟು ಆಹಾರ ತಯಾರಿಕೆಯಲ್ಲಿ ತೊಡಗಿದರೆ ಚಕ್ರ ತಾನೇ ತಿರುಗತೊಡಗುತ್ತದೆ ಎಂಬುದು ಅವನ ಲೆಕ್ಕ. ಬೇಕಾಗುವ ಕಾಲ 300ರಿಂದ 500 ವರ್ಷ. ಇದೆಲ್ಲ ಪುಸ್ತಕದ ಕೊನೆಯ ಅನುಬಂಧವೊಂದರಲ್ಲಿದೆ. ಕಥೆಯ ಓಟದಲ್ಲಿ ಬಂದವರು ಅದನ್ನು ಮುಟ್ಟದೆ ಪುಸ್ತಕ ಮುಚ್ಚುವುದುಂಟು. ಕೃಷಿಯನ್ನು ಬಲ್ಲವರು ಅದನ್ನೇ ಮೊದಲು ಓದಿದರೂ ತಪ್ಪಿಲ್ಲ. ತಮ್ಮ ಆಯುಷ್ಯದಲ್ಲಿ ಫಲ ಕಾಣಲಾರೆವೆಂದು ತಿಳಿದೂ ದುಡಿಯುವ ಜನರ ಚಿತ್ರ ಮನಸ್ಸನ್ನು ಸೆಳೆಯುತ್ತದೆ, ಅರಾಕಿಸ್ ಹಸಿರಾಗಲಿ ಎಂಬ ಹಾರೈಕೆಯೊಡನೆಯೇ ಓದುಗ ಮೊದಲ ಸಂಪುಟದಿಂದ ಹೊರಬರುತ್ತಾನೆ.

ಈ ಹಾರೈಕೆಯ ಬೆಲೆ ತಿಳಿಯುವುದು 1976ರಲ್ಲಿ ಬಂದ ಮೂರನೆಯ ಸಂಪುಟದಲ್ಲಿ. ಮರಳುಹುಳುವಿಗೆ ನೀರು ವಿಷ. ಅದರ ಮರಿರೂಪವೇ ನೀರನ್ನು ಹಿಡಿದು ಮುಚ್ಚಿಟ್ಟು ಗ್ರಹವನ್ನು ಒಣಗಿಸಿದೆ. ಅಂದರೆ ಕೈನ್ಸ್ ಬರಡೆಂದು ಬಗೆದ ಮರುಭೂಮಿ ಒಂದು ಜೀವಜಾಲದ ನಿರ್ಮಾಣ. ಹಸಿರು ಹಬ್ಬಿದಂತೆ ಹುಳು ಕುಗ್ಗುತ್ತದೆ, ಮಸಾಲೆ ಕುಗ್ಗುತ್ತದೆ, ನೀರಿನ ಶಿಸ್ತಿನ ಮೇಲೆ ನಿಂತಿದ್ದ ಬದುಕು ಸಡಿಲಾಗುತ್ತದೆ. ಕೊನೆಗೆ ಕಥಾನಾಯಕನೇ ರಾತ್ರೋರಾತ್ರಿ ಕಾಲುವೆಗಳನ್ನು ಒಡೆದು ಈ ಪರಿವರ್ತನೆಯನ್ನು ಹಿಂದಕ್ಕೆ ತಳ್ಳಬೇಕಾಗುತ್ತದೆ. 1981ರ ನಾಲ್ಕನೆಯ ಸಂಪುಟ ಸುಮಾರು 3500 ವರ್ಷ ಮುಂದೆ ಜಿಗಿಯುತ್ತದೆ. ಅಲ್ಲೀಗ ನದಿ ಹರಿಯುತ್ತದೆ, ಕಾಡಿದೆ. ಮರುಭೂಮಿ ಕಾಪಿಟ್ಟ ಒಂದು ತುಣುಕು ಮಾತ್ರ. ಫ್ರೆಮೆನ್ನರು ಹೆಸರಿಗೇ ‘ವಸ್ತುಸಂಗ್ರಹಾಲಯದ ಫ್ರೆಮೆನ್’. ಅರ್ಥ ಮರೆತ ಆಚರಣೆಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಅಭಯಾರಣ್ಯಗಳ ಅಂಚಿಗೆ ತಳ್ಳಲ್ಪಟ್ಟು ಪ್ರವಾಸಿಗರೆದುರು ಕುಣಿಯಬೇಕಾದ ಬುಡಕಟ್ಟು ಜನರನ್ನು ಕಂಡವರಿಗೆ ಈ ಪುಟಗಳು ಕಲ್ಪನೆಯೆನಿಸವು.

ಆರೆಗಾನಿನ ತೀರದಲ್ಲಿ ಆದದ್ದೂ ಇದಕ್ಕೆ ದೂರವಲ್ಲ. ನೆಟ್ಟ ಯುರೋಪಿನ ಕಡಲಹುಲ್ಲು ತೀರದುದ್ದಕ್ಕೂ ದಿಬ್ಬವನ್ನು ಕಟ್ಟಿ ಒಳಗಿನ ಮರಳಿಗೆ ಹೊಸ ಮರಳು ಸೇರದಂತೆ ಮಾಡಿತು. ತೆರೆದ ಮರಳು ಕುಗ್ಗಿ ಪೊದೆ, ಮರ ಬೆಳೆದವು. ಬರಿಯ ಮರಳಿನ ಮೇಲೆ ಮೊಟ್ಟೆಯಿಡುವ ಸ್ನೋಯಿ ಪ್ಲವರ್ ಹಕ್ಕಿಗೆ ನೆಲೆ ತಪ್ಪಿತು. 1993ರಲ್ಲಿ ಅದು ಅಪಾಯದ ಪಟ್ಟಿಗೆ ಸೇರಲು ಇದೂ ಒಂದು ಕಾರಣ. ಹರ್ಬರ್ಟ್ ಮೆಚ್ಚಿದ್ದ ಹುಲ್ಲನ್ನು ಈಗ ಅಲ್ಲಿ ಯಂತ್ರ, ಕಳೆನಾಶಕಗಳಿಂದ ಕೀಳಲಾಗುತ್ತಿದೆ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಣಗಳನ್ನು ಪಾಳುಭೂಮಿಯೆಂದು ಕರೆದು ಅಕೇಶಿಯಾ ತುಂಬಿದ್ದು ಇಂಥದೇ ಹಸಿರಿನ ಹೆಸರಿನಲ್ಲಿ. ಮಲೆನಾಡಿನ ಅಂಚಿನ ಕುಸನೂರಿನಲ್ಲಿ 1987ರಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟು ನಡೆಸಿದ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಕೇಳಿದ್ದು ಒಂದೇ ಪ್ರಶ್ನೆ: ಈ ಹಸಿರು ಯಾರದ್ದು? ಮೊದಲ ಸಂಪುಟ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಆದ್ದರಿಂದ ನಾಲ್ಕನೆಯ ಸಂಪುಟದವರೆಗೆ ಓದಬೇಕು, ತಕರಾರಿನೊಡನೆ ಓದಬೇಕು. ಅದು ಭಾರವಾದ ಪುಸ್ತಕ. ಘಟನೆಗಿಂತ ಸಂಭಾಷಣೆ ಹೆಚ್ಚು, ಕೆಲವೆಡೆ ಉಪದೇಶವೇ. ಮರಳುಹುಳುವಾಗಿ ಮಾರ್ಪಡುತ್ತಿರುವ ಚಕ್ರವರ್ತಿಯೊಬ್ಬ ಸಾವಿರಾರು ವರ್ಷ ಜನರನ್ನು ತುಳಿದು ಮನುಕುಲವನ್ನು ಉಳಿಸುವೆನೆನ್ನುತ್ತಾನೆ. ಅವನನ್ನು ನಿರಂಕುಶನೆಂದೇ ತೋರಿಸಿದ್ದರೂ ಅವನ ದೂರದೃಷ್ಟಿಯ ಬಗ್ಗೆ ಲೇಖಕರಿಗೆ ಮರುಳಿದೆ. ಬೇಲಿ ಮತ್ತು ಬಂದೂಕಿನಿಂದ ಕಾಡು ಉಳಿಸುವ ವಾದವನ್ನು ಎದುರಿಸುತ್ತ ಬಂದ ಚಳವಳಿಯವರು ಇಲ್ಲಿ ಒಪ್ಪಿ ಮುಂದೆ ಸಾಗುವುದು ಸಾಧ್ಯವಿಲ್ಲ.

1984 ಮತ್ತು 1985ರಲ್ಲಿ ಬಂದ ಕೊನೆಯ ಎರಡನ್ನು ಬಿಟ್ಟರೆ ದೊಡ್ಡ ನಷ್ಟವಿಲ್ಲ. 1986ರಲ್ಲಿ ಹರ್ಬರ್ಟ್ ತೀರಿಕೊಂಡದ್ದರಿಂದ ಅಲ್ಲಿ ಎತ್ತಿದ ಕಥೆ ಅರ್ಧಕ್ಕೇ ನಿಂತಿದೆ. ಅದನ್ನು ಮುಗಿಸಲೆಂದು ಅವರ ಮಗ ಮತ್ತೊಬ್ಬ ಲೇಖಕರೊಡನೆ 2006 ಮತ್ತು 2007ರಲ್ಲಿ ಹೊರತಂದ ಪುಸ್ತಕಗಳು ಬೇರೆಯೇ ಕೈಯವು, ಪರಿಸರದ ಓದಿಗೆ ಅನಗತ್ಯ. ಎರಡನೆಯದನ್ನು ಮಾತ್ರ ಹಾರಿಸಬಾರದು. ಅದು ತೆಳುವಾದ ಪುಸ್ತಕ, ಎರಡು ಮಳೆಗಾಲದ ರಾತ್ರಿಗಳ ಓದು. ಅದಿಲ್ಲದೆ ಮೂರನೆಯದರ ಮಕ್ಕಳು ಯಾರೆಂಬುದೇ ತಿಳಿಯದು.