ನಗೋದಾ, ಹೆದರೋದಾ? ಅಥವಾ ಆಲ್ವಾ ಕಡೆ ನೋಡೋದಾ?

ಕೆಲವು ಸಿನಿಮಾಗಳ ಬಗ್ಗೆ "ಹಾಂ, ಪರವಾಗಿಲ್ಲ" ಅನ್ನೋ ಅಭಿಪ್ರಾಯ ಯಾರ ಹತ್ರಾನೂ ಇರೋದಿಲ್ಲ. ಒಂದೋ ತಲೆ ಮೇಲೆ ಹೊತ್ಕೊಂಡು ಕುಣೀತಾರೆ, ಇಲ್ಲಾ ಅರ್ಧಕ್ಕೇ ಎದ್ದು ಹೋಗ್ತಾರೆ. ನಿಕೊಲಸ್ ಕೇಜ್ ನಟಿಸಿದ 'ವ್ಯಾಂಪೈರ್ಸ್ ಕಿಸ್' ಅಂಥದ್ದೊಂದು. 1988ರಲ್ಲಿ ತಯಾರಾಗಿ 1989ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಈ ಸಿನಿಮಾಗೆ ಸುಮಾರು 20 ಲಕ್ಷ ಡಾಲರ್ ಖರ್ಚಾಗಿತ್ತಂತೆ, ಥಿಯೇಟರಿನಲ್ಲಿ ಬಂದಿದ್ದು ಏಳೂಕಾಲು ಲಕ್ಷದ ಆಸುಪಾಸು. ಅಂದ್ರೆ ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡಬ್ಬಾ ಸೇರಿದ ಚಿತ್ರ. ಆದ್ರೆ ಮೂರೂವರೆ ದಶಕ ಕಳೆದ್ರೂ ಜಗಳ ಮಾತ್ರ ನಿಂತಿಲ್ಲ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. (ಕೊನೇನೂ ಹೇಳ್ತೀನಿ, ಆಮೇಲೆ ಬೈಬೇಡಿ.) ಪೀಟರ್ ಲೂ ಅಂತ ಒಬ್ಬ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಲೇಖಕರ ಪರವಾಗಿ ವ್ಯವಹಾರ ಕುದುರಿಸೋ ಏಜೆಂಟು. ಕೈತುಂಬಾ ದುಡ್ಡು, ರಾತ್ರಿ ಬಾರು, ಹಗಲು ಆಫೀಸು, ನಡುನಡುವೆ ಮನೋವೈದ್ಯೆಯ ಹತ್ರ ಹೋಗಿ ಗೋಳಾಡೋದು. ಒಂದು ರಾತ್ರಿ ಮನೆಗೆ ಕರ್ಕೊಂಡು ಬಂದ ರೇಚಲ್ ಅನ್ನೋ ಹೆಣ್ಣು ತನ್ನ ಕತ್ತು ಕಚ್ಚಿದಳು, ತಾನಿನ್ನು ವ್ಯಾಂಪೈರ್ ಆಗ್ತಿದ್ದೀನಿ ಅಂತ ಅವನು ನಂಬಿಬಿಡ್ತಾನೆ. ಕನ್ನಡಿಯಲ್ಲಿ ಅವನ ಮುಖ ನಮಗೆ ಕಾಣುತ್ತೆ, ಅವನಿಗೆ ಕಾಣೋದಿಲ್ಲ! ಸೋಫಾ ಬೋರಲು ಹಾಕಿ ಅದರಡಿ ಮಲಗ್ತಾನೆ. ಕೋರೆಹಲ್ಲು ಬೆಳೀಲಿಲ್ಲ ಅಂತ ಅಂಗಡಿಯಿಂದ ಅಗ್ಗದ ಪ್ಲಾಸ್ಟಿಕ್ ಹಲ್ಲು ತಂದು ಸಿಗಿಸ್ಕೊಳ್ತಾನೆ. ಜಿರಳೆ ತಿಂತಾನೆ. ಅದು ನಿಜವಾದ ಜಿರಳೆ ಮಾರಾಯ್ರೆ, ಕೇಜ್ ಕ್ಯಾಮೆರಾ ಮುಂದೆ ನಿಜವಾಗ್ಲೂ ತಿಂದಿದ್ದು!

ಬರೆದಿದ್ದು ಜೋಸೆಫ್ ಮಿನಿಯನ್. ಮಾರ್ಟಿನ್ ಸ್ಕಾರ್ಸೆಸಿಯ 'ಆಫ್ಟರ್ ಅವರ್ಸ್' (1985) ಬರೆದವನೂ ಇವನೇ. ನಿರ್ದೇಶಕ ರಾಬರ್ಟ್ ಬಿಯರ್‌ಮನ್.

ಜನ ಹೇಗೆ ಎರಡು ಪಾಲಾದ್ರು ಅಂತ ನೋಡಿ. ಒಂದು ಗುಂಪಿನ ಪ್ರಕಾರ ಕೇಜ್ ಇಲ್ಲಿ ನಟನೆ ಮಾಡಿಲ್ಲ, ರಂಪ ಮಾಡಿದ್ದಾನೆ. ಕಣ್ಣು ಗುಡ್ಡೆ ಹೊರಗೆ, ಬಾಯಲ್ಲಿ ಯಾವ ಊರಿನದ್ದೂ ಅಲ್ಲದ ಇಂಗ್ಲಿಷು, ಸುಮ್ಮಸುಮ್ಮನೆ ಅರಚಾಟ. ಬಿಡುಗಡೆಯಾದಾಗ 'ನ್ಯೂಯಾರ್ಕ್ ಟೈಮ್ಸ್'ನ ವಿಮರ್ಶೆಯೂ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಇನ್ನೊಂದು ಗುಂಪು, ಇದು ಬೇಕಂತಲೇ ಮಾಡಿದ ಅತಿರೇಕ, 1922ರ ಮೂಕಿಚಿತ್ರ 'ನೊಸ್ಫೆರಾಟು'ವಿನ ಕಾಲದ ಜರ್ಮನ್ ನಟರ ಮೈಭಾಷೆಯನ್ನು ಎತ್ತಿಕೊಂಡು ಬಂದು ಎಂಬತ್ತರ ದಶಕದ ಆಫೀಸಿನಲ್ಲಿ ನಿಲ್ಲಿಸಿದ್ದಾನೆ ಅನ್ನುತ್ತೆ. 'ನ್ಯೂಯಾರ್ಕರ್'ನ ಪಾಲಿನ್ ಕೇಲ್ ಅಂಥ ಕಟ್ಟುನಿಟ್ಟಿನ ವಿಮರ್ಶಕಿಯೇ ಅವನನ್ನು ಮೆಚ್ಚಿ ಬರೆದಿದ್ರು. ಆ ವಿಚಿತ್ರ ಆಕ್ಸೆಂಟಿಗೆ ಸಾಹಿತ್ಯದ ಪ್ರೊಫೆಸರ್ ಆಗಿದ್ದ ತನ್ನಪ್ಪನ ಮಾತಿನ ಶೈಲಿ ಮೂಲ ಅಂತ ಕೇಜ್ ಆಮೇಲೆ ಹೇಳಿಕೊಂಡಿದ್ದೂ ಇದೆ.

ನಟನೆಯ ವಿಷಯದಲ್ಲಿ ನಾನು ಎರಡನೇ ಗುಂಪು. ಪೀಟರ್ ಲೂ ಒಬ್ಬ ನಕಲಿ ಮನುಷ್ಯ. ಅವನ ಮಾತು ನಕಲಿ, ನಗು ನಕಲಿ, ಕೊನೆಗೆ ಹಲ್ಲೂ ನಕಲಿ. ಅಂಥವನನ್ನು ಸಹಜವಾಗಿ ನಟಿಸೋದು ಹೇಗೆ? ಸೋಮವಾರ ಬೆಳಗಾದ್ರೆ ಹೆಡ್‌ಫೋನ್ ಹಾಕ್ಕೊಂಡು ಬೇರೆಯದೇ ಇಂಗ್ಲಿಷಿಗೆ ಬದಲಾಗೋ ನಮ್ಮಂಥವರಿಗಂತೂ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ :-)

ಆದ್ರೆ ನನ್ನ ತಕರಾರು ಎರಡೂ ಗುಂಪಿನ ಮೇಲೆ. ಇಷ್ಟು ವರ್ಷದ ಜಗಳ ಪೂರ್ತಿ ಕೇಜ್‌ನ ಮುಖದ ಬಗ್ಗೇನೇ ನಡೀತಾ ಇದೆ. ಆ ಮುಖದ ಎದುರು ಕೂತವಳ ಬಗ್ಗೆ ಮಾತೇ ಇಲ್ಲ. ಅವಳ ಹೆಸರು ಆಲ್ವಾ.

ಆಲ್ವಾ (ಮರಿಯಾ ಕೊಂಚಿತಾ ಅಲೋನ್ಸೊ) ಅವನ ಆಫೀಸಿನ ಸೆಕ್ರೆಟರಿ. ಸ್ಪ್ಯಾನಿಶ್ ಮಾತಾಡೋ ಕುಟುಂಬದ ಹುಡುಗಿ. ಎಷ್ಟೋ ವರ್ಷದ ಹಿಂದಿನ ಒಂದು ಕಾಂಟ್ರಾಕ್ಟ್ ಕಾಗದ ಹುಡುಕಿಕೊಡು ಅಂತ ಲೂ ಅವಳಿಗೆ ಹೇಳ್ತಾನೆ. ಫೈಲುಗಳ ಗುಡ್ಡವೇ ಇದೆ. ನಾನೊಬ್ಬಳೇ ಯಾಕೆ ಅಂತ ಅವಳು ಕೇಳಿದ್ರೆ, ಈ ಆಫೀಸಿನಲ್ಲಿ ನಿನಗಿಂತ ಕೆಳಗೆ ಯಾರೂ ಇಲ್ಲ, ನಿನಗಿಂತ ಒಂದೇ ದಿನ ಮುಂಚೆ ಸೇರಿದವರಿದ್ರೂ ಅವರಿಗೆ ಈ ದರಿದ್ರ ಕೆಲಸ ಹೇಳಲ್ಲ, ನೀನಿರೋ ತನಕ ಇದು ನಿಂದೇ ಅನ್ನೋ ಅರ್ಥದ ಉತ್ತರ ಕೊಡ್ತಾನೆ. ಅದನ್ನ ಹೇಳುವಾಗ ಮಾತ್ರ ದನಿ ಏರಿಸೋದಿಲ್ಲ. ಇಡೀ ಸಿನಿಮಾದಲ್ಲಿ ನನಗೆ ಮೈ ಝುಮ್ ಅಂದಿದ್ದು ಅಲ್ಲೇ. ಬಾವಲಿ ಬಂದಾಗ ಅಲ್ಲ, ರಕ್ತ ಬಂದಾಗಲೂ ಅಲ್ಲ.

ಅವಳು ಹುಷಾರಿಲ್ಲ ಅಂತ ಮನೆಯಲ್ಲಿ ಉಳಿದ್ರೆ ಟ್ಯಾಕ್ಸಿ ಮಾಡ್ಕೊಂಡು ಮನೆಗೇ ಬಂದು ಕರ್ಕೊಂಡು ಹೋಗ್ತಾನೆ. ಆಫೀಸಿನಲ್ಲಿ ಅಟ್ಟಾಡಿಸ್ತಾನೆ. ಕೊನೆಗೂ ಕಾಗದ ಸಿಕ್ಕಿ ಅವಳು ಖುಷಿಯಿಂದ ತಂದು ಕೊಟ್ರೆ, ಟೈಮ್ ಮೀರಿಹೋಯ್ತು ಅಂತಾನೆ. ಆಮೇಲೆ ನೆಲಮಾಳಿಗೆಯಲ್ಲಿ ನಡೆಯೋದು ಅತ್ಯಾಚಾರ. ಸಿನಿಮಾ ಅದನ್ನ ಪೂರ್ತಿ ತೋರಿಸಲ್ಲ, ಮುಚ್ಚೂ ಇಡಲ್ಲ. ಅವಳ ಪಿಸ್ತೂಲನ್ನ ತನ್ನ ಬಾಯಿಗಿಟ್ಟು ಹೊಡ್ಕೊಂಡ್ರೂ ಸಾಯ್ಲಿಲ್ಲ ಅಂದಾಗ ಅವನಿಗೆ ತಾನು ವ್ಯಾಂಪೈರೇ ಅಂತ ಖಾತ್ರಿಯಾಗುತ್ತೆ. ಪಿಸ್ತೂಲಿನಲ್ಲಿದ್ದದ್ದು ಬರೀ ಶಬ್ದ ಮಾಡೋ ತೋಟಾ!

ನಾವು ನಾಲ್ಕು ಜನ ಗೆಳೆಯರು ಒಂದು ಶನಿವಾರ ಜರ್ಸಿ ಸಿಟಿಯ ಮನೆಯೊಂದರಲ್ಲಿ ಇದನ್ನ ನೋಡಿದ್ವಿ. ಕೇಜ್ ಎ, ಬಿ, ಸಿ, ಡಿ ಅಂತ ಮನೋವೈದ್ಯೆ ಮುಂದೆ ಇಡೀ ವರ್ಣಮಾಲೆ ಕಿರುಚೋ ದೃಶ್ಯದಲ್ಲಿ ಎಲ್ಲರೂ ಬಿದ್ದೂ ಬಿದ್ದೂ ನಕ್ವಿ. ನಾನೂ ನಕ್ಕೆ, ಈಗಲೂ ನಗ್ತೀನಿ, ಅದು ನಗಿಸೋ ದೃಶ್ಯವೇ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಕೇಳಿದ, "ಅಲ್ಲ ಕಣ್ರೋ, ಇವಳ್ಯಾಕೆ ಕೆಲಸ ಬಿಟ್ಟು ಹೋಗ್ಬಾರ್ದು?" ಪುಣ್ಯಾತ್ಮ ಇಲ್ಲಿನ ಸಿಟಿಜನ್ ಹುಡುಗಿಯನ್ನ ಮದುವೆಯಾಗಿ ಗ್ರೀನ್ ಕಾರ್ಡ್ ಬಂದು ಎರಡು ತಿಂಗಳಾಗಿತ್ತು. ಉಳಿದ ಮೂವರದ್ದೂ ಎಚ್-1ಬಿ. ನಮ್ಮಲ್ಲಿ ಯಾರಿಗೂ ಆ ಪ್ರಶ್ನೆ ಹುಟ್ಟಿರಲಿಲ್ಲ. ಕೆಲಸ ಹೋದ್ರೆ ಹೆಚ್ಚೆಂದರೆ 60 ದಿನ, ಅಷ್ಟರೊಳಗೆ ಬೇರೆ ಕೆಲಸವೋ ಬೇರೆ ವೀಸಾವೋ ಆಗ್ಬೇಕು, ಇಲ್ಲಾ ಗಂಟುಮೂಟೆ ಕಟ್ಬೇಕು ಅನ್ನೋ ಲೆಕ್ಕ ತಲೆಯಲ್ಲಿ ಓಡ್ತಾ ಇರೋವ್ರಿಗೆ "ಯಾಕೆ ಬಿಡಲ್ಲ" ಅನ್ನೋದು ಪ್ರಶ್ನೆಯೇ ಅಲ್ಲ. ಆಲ್ವಾಗೆ ವೀಸಾದ ಕಾಟ ಇತ್ತು ಅಂತ ಸಿನಿಮಾ ಹೇಳಲ್ಲ. ಸಂಬಳ ಬೇಕಿತ್ತು, ಅಷ್ಟೇ. ಅಷ್ಟಿದ್ರೆ ಸಾಕಲ್ವಾ?

ನನ್ನ ಮೊದಲ ಕಂಪನಿಯಲ್ಲಿ (ಹೆಸರು ಬೇಡ) ಒಬ್ಬ ಮ್ಯಾನೇಜರ್ ಇದ್ರು. ಒಂದು ಶುಕ್ರವಾರ ಸಂಜೆ ಕರೆದು, ಐದು ವರ್ಷದ ಹಳೇ ಲಾಗ್ ಫೈಲುಗಳಲ್ಲಿ ಒಂದು ಎರರ್ ಎಷ್ಟು ಸಲ ಬಂದಿದೆ ಅಂತ ಸೋಮವಾರದೊಳಗೆ ಪಟ್ಟಿ ಮಾಡು ಅಂದ್ರು. ಮಾಡ್ದೆ. ಅದನ್ನ ಯಾರೂ ಕೇಳಿರಲಿಲ್ಲ, ಯಾರೂ ತೆರೆದು ನೋಡಲೂ ಇಲ್ಲ. ಆ ಮನುಷ್ಯ ರಾಕ್ಷಸ ಏನಲ್ಲ, ಊಟದ ಹೊತ್ತಿಗೆ ಒಳ್ಳೇ ಜೋಕು ಹೇಳ್ತಿದ್ರು. ಅವರ ಕೂಗಾಟವನ್ನ ಮಿಮಿಕ್ರಿ ಮಾಡಿ ನಾವೆಲ್ಲ ನಗ್ತಾನೂ ಇದ್ವಿ, ಅವರು ನಮ್ಮ ಹೆಸರು ಹಿಡಿದು ಕರೆಯೋ ತನಕ. 'ವ್ಯಾಂಪೈರ್ಸ್ ಕಿಸ್'ನ ತಮಾಷೆಯೂ ಹಾಗೇ. ಕೇಜ್‌ನನ್ನು ದೂರದಿಂದ ನೋಡಿದ್ರೆ ಕಾಮಿಡಿ. ಮೇಜಿನ ಈಚೆ ಕೂತು ನೋಡಿದ್ರೆ ಹಾರರ್. ಸಿನಿಮಾ ಗೊಂದಲದಲ್ಲಿದೆ, ಯಾವ ಜಾತಿಗೆ ಸೇರಿದ್ದು ಅಂತ ಅದಕ್ಕೇ ಗೊತ್ತಿಲ್ಲ ಅಂತ ಬೈಯೋರಿಗೆ ನನ್ನ ಉತ್ತರ ಇಷ್ಟೇ. ಗೊಂದಲ ಸಿನಿಮಾದ್ದಲ್ಲ, ನಮ್ಮ ಕುರ್ಚಿ ಯಾವ ಕಡೆ ಇದೆ ಅನ್ನೋದು.

ನಮ್ಮ 'ಆಪ್ತಮಿತ್ರ' (2004) ನೆನಪಿಸ್ಕೊಳ್ಳಿ. ಅಲ್ಲೂ ದೆವ್ವ ಇರೋದು ತಲೆಯೊಳಗೆ, ಅಲ್ಲೂ ಹೆದರಿಕೆಯ ಪಕ್ಕದಲ್ಲೇ ನಗು. ಆದ್ರೆ ಯಾರೂ ಎರಡು ಪಾಲಾಗಲಿಲ್ಲ. ಯಾಕಂದ್ರೆ ವಿಷ್ಣುವರ್ಧನ್ ಡಾಕ್ಟರಾಗಿ ಬಂದು, ಇದು ಕಾಯಿಲೆ, ಹೀಗೆ ಶುರುವಾಯ್ತು, ಹೀಗೆ ವಾಸಿ ಮಾಡೋಣ ಅಂತ ಕೈ ಹಿಡಿದು ನಡೆಸ್ತಾರೆ. ಇಲ್ಲೂ ಒಬ್ಬ ಡಾಕ್ಟರಮ್ಮ ಇದ್ದಾಳೆ, ಆದ್ರೆ ಯಾರ ಕೈಯನ್ನೂ ಹಿಡಿಯೋದಿಲ್ಲ. ಕೊನೆಯಲ್ಲಿ ಲೂ ಬೀದಿ ಬದಿ ನಿಂತು, ಅವಳು ಎದುರಿಗಿದ್ದಾಳೆ ಅಂತ ಭ್ರಮಿಸಿಕೊಂಡು, ತಾನು ಮಾಡಿದ ಅತ್ಯಾಚಾರ, ಕೊಲೆ ಎರಡನ್ನೂ ಹೇಳ್ಕೊಳ್ತಾನೆ. ಅವನ ಭ್ರಮೆಯ ಡಾಕ್ಟರ್ ಅದೆಲ್ಲ ದೊಡ್ಡ ವಿಷಯ ಅಲ್ಲ ಅಂತ ತಳ್ಳಿಹಾಕ್ತಾಳೆ. ತನ್ನಂಥವನಿಗೆ ಲೋಕ ಕ್ಷಮೆ ಕೊಟ್ಟೇ ಕೊಡುತ್ತೆ ಅನ್ನೋ ನಂಬಿಕೆ ಹುಚ್ಚಿನಲ್ಲೂ ಅವನನ್ನ ಬಿಟ್ಟು ಹೋಗಲ್ಲ. ಇದಕ್ಕಿಂತ ಕಹಿಯಾದ ತಮಾಷೆ ನಾನು ನೋಡಿಲ್ಲ.

ಹಾಗಂತ ಸಿನಿಮಾದಲ್ಲಿ ತಪ್ಪೇ ಇಲ್ಲ ಅಂತಲ್ಲ. ಆಲ್ವಾಳ ನೋವನ್ನು ಇಷ್ಟು ಚೆನ್ನಾಗಿ ಕಟ್ಟಿದವರು ಕೊನೆಯನ್ನ ಅವಳ ಕೈಗೆ ಕೊಡಲಿಲ್ಲ. ಅವಳ ಸಹೋದರ ಬಂದು ಲೂ ಎದೆಗೆ ಮರದ ಗೂಟ ಇಳಿಸ್ತಾನೆ, ಕ್ಯಾಮೆರಾ ಕೊನೆ ತನಕ ಲೂ ಜೊತೆಗೇ ಇರುತ್ತೆ. ಆಲ್ವಾಳ ಮರುದಿನ ಹೇಗಿತ್ತು ಅಂತ ನಮಗೆ ಗೊತ್ತಾಗೋದೇ ಇಲ್ಲ. ಅದಕ್ಕೇ ಇರಬೇಕು, ಜನರ ನೆನಪಿನಲ್ಲಿ ಉಳಿದಿದ್ದೂ ಅವನ ಮುಖ ಒಂದೇ. ಕಣ್ಣು ಬಿಟ್ಟು ಹಲ್ಲು ಕಿರಿದ ಆ ಮುಖದ ಗೆರೆಚಿತ್ರ ನೀವೂ ನೋಡಿರ್ತೀರಿ, "ಓಹೋ, ಹೌದಾ?" ಅಂತ ಕುಟುಕೋಕೆ ಕಳಿಸ್ತಾರಲ್ಲ, ಅದೇ. ಸಿನಿಮಾದಲ್ಲಿ ಆ ಮುಖ ಮಾಡ್ಕೊಂಡು ಅವನು ಆಲ್ವಾಳನ್ನು ಹಂಗಿಸ್ತಾ ಇರ್ತಾನೆ. ಕಳಿಸೋ ಎಷ್ಟು ಜನಕ್ಕೆ ಅದು ಗೊತ್ತಿದೆಯೋ!

ಸಿಕ್ಕಿದ್ರೆ ಒಮ್ಮೆ ನೋಡಿ. ಮೊದಲೇ ನೋಡಿದ್ರೆ ಇನ್ನೊಮ್ಮೆ ನೋಡಿ. ಕೇಜ್ ಕಿರುಚಿದಾಗ ನಗು ಬಂದ್ರೆ ಧಾರಾಳವಾಗಿ ನಗಿ, ನನ್ನದೇನೂ ಅಡ್ಡಿಯಿಲ್ಲ. ಆದ್ರೆ ಆ ಹೊತ್ತಿನಲ್ಲಿ ಆಲ್ವಾ ತನ್ನ ಕೈಗಳನ್ನ ಎಲ್ಲಿ ಇಟ್ಕೊಂಡಿದ್ದಾಳೆ, ಬಾಗಿಲು ಎಷ್ಟು ದೂರ ಇದೆ ಅಂತಾನೂ ಸ್ವಲ್ಪ ಗಮನಿಸಿ.